ಎತ್ತಿದ ಕೈ

ಕಳೆದ ಚಳಿಗಾಲದಲ್ಲಿ ಇಚಲಕರಂಜಿಗೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಒಂದು ಓಣಿಯ ತಿರುವಿನಲ್ಲಿ ಗಂಜಿಯ ವಾಸನೆ ಬಂತು. ಮನೆಯಲ್ಲಿ ಕುಡಿಯುವ ಗಂಜಿಯಲ್ಲ, ಹಾಸಿನ ನೂಲು ಗಟ್ಟಿಯಾಗಲೆಂದು ಸೈಜಿಂಗ್ ಕಾರ್ಖಾನೆಯಲ್ಲಿ ಕುದಿಸುವ ಗಂಜಿ. ಅರ್ಧ ಹುಳಿ, ಅರ್ಧ ಸೀದ ವಾಸನೆ. ನಾನು ತಟ್ಟನೆ ನಿಂತೆ. ಎತ್ತಿದ ಒಂದು ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ.

"ಯಾಕ್ರಿ, ಏನರ ತುಳದ್ರೇನು?" ಎಂದಳು ಹೆಂಡತಿ.

"ಏನಿಲ್ಲ" ಎಂದೆ. ಮದುವೆಯಾದಾಗಿನಿಂದ ಅವಳು ಈ ಉತ್ತರ ಕೇಳುತ್ತಲೇ ಬಂದಿದ್ದಾಳೆ. ನಡೆಯುತ್ತ ನಡೆಯುತ್ತ ಹೀಗೆ ಕಾಲು ಎತ್ತಿ ನಿಂತುಬಿಡುವುದು, ಎದುರಿಗೆ ಏನೋ ಬೀಳುತ್ತದೆ ಎಂದು ಕಾಯುವುದು ನನಗೆ ಅಂಟಿದ ರೋಗ. ಅದು ಅಂಟಿದ್ದು ಇದೇ ಊರಿನಲ್ಲಿ, ಒಂದು ಅಧ್ಯಕ್ಷರ ಚುನಾವಣೆಯಲ್ಲಿ.

ಅರವತ್ತರ ದಶಕದ ನಡುವಿನ ಒಂದು ಮಳೆಗಾಲ. ಕೊಲ್ಹಾಪುರದಲ್ಲಿ ಬಿ.ಎ. ಮುಗಿಸಿದ್ದೆ, ಮುಂದೆ ಕಾನೂನು ಓದುವ ಆಸೆಯಿತ್ತು. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಅಪ್ಪ, "ಒಂದ ವರ್ಷ ಹೊರಗ ದುಡದ ನೋಡು. ಜಗಳಾ ಅಂದ್ರೇನಂತ ತಿಳೀಲಿ. ಆಮ್ಯಾಲೆ ಕೋರ್ಟಿನ್ಯಾಗ ಆಡೂವಂತಿ" ಎಂದರು. ಇಚಲಕರಂಜಿಯ ಸಣ್ಣ ಸಣ್ಣ ನೇಕಾರ ಸೊಸೈಟಿಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಕಚೇರಿಯಲ್ಲಿ ಕನ್ನಡ, ಮರಾಠಿ ಎರಡೂ ಬರೆಯಬಲ್ಲ ಗುಮಾಸ್ತ ಬೇಕಾಗಿದ್ದ. ಹೋಗಿ ಸೇರಿದೆ.

ಇರಲು ಜಾಗ ಸಿಕ್ಕಿದ್ದು ಗುರುಪಾದಪ್ಪನ ಮನೆಯಲ್ಲಿ. ರಬಕವಿ ಕಡೆಯಿಂದ ಹರೆಯದಲ್ಲೇ ಬಂದು, ಯಂತ್ರಮಗ್ಗದ ಶೆಡ್ಡಿನಲ್ಲಿ ಕೂದಲು ಹಣ್ಣು ಮಾಡಿಕೊಂಡಿದ್ದ ನೇಕಾರ. ನಾನು ಮಾಮಾ ಎನ್ನುತ್ತಿದ್ದೆ, ಅವನು ನನ್ನನ್ನು ವಕೀಲಸಾಹೇಬ ಎನ್ನುತ್ತಿದ್ದ. ಮಗ್ಗದ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಅವನ ಹೆಂಡತಿ ನೀಲವ್ವತ್ತಿ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಮನ್ಯಾವರಿಗೆ ಅರ್ಧಾ ಮಾತು ಕೇಳಸೂದಿಲ್ಲ. ಇನ್ನರ್ಧಾ ಕೇಳಿಸಿದ್ರೂ ಕೇಳೂದಿಲ್ಲ." ನಾನು ಊರಿಗೆ ಹೋದಾಗಲೆಲ್ಲ ಅವ್ವ ಅವರಿಗಾಗಿ ಪಕ್ಕದ ಆಜರಾ ಊರಿನ ಘಮಘಮ ಅಕ್ಕಿ ಕಟ್ಟಿಕೊಡುತ್ತಿದ್ದಳು. ಅದನ್ನು ಮೂಸಿ ನೋಡಿ ಅತ್ತಿ, "ಇದನ್ನ ಉಣ್ಣೂದೋ, ಕೂದಲಕ್ಕ ಹಚ್ಚಿಗೊಳ್ಳೂದೋ?" ಎಂದು ನಗುತ್ತಿದ್ದಳು.

ಗುರುಪಾದಪ್ಪ ದುಡಿಯುವ ಶೆಡ್ಡಿಗೆ ನಾನು ಆಗಾಗ ಹೋಗುತ್ತಿದ್ದೆ. ಒಳಗೆ ಕಾಲಿಟ್ಟರೆ ಮಾತು ಸತ್ತೇಹೋಗುತ್ತಿತ್ತು. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸದು. ಅಲ್ಲಿಯ ಮಂದಿ ಕೈಯಿಂದ ಮಾತಾಡುತ್ತಿದ್ದರು. ಎರಡು ಬೆರಳು ಚಿವುಟಿದರೆ ಎಳೆ ಹರಿದಿದೆ ಎಂದರ್ಥ. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಇಲ್ಲದ ಮೀಸೆಯನ್ನು ತಿರುವಿದರೆ ಮಾಲೀಕರು ಬರುತ್ತಿದ್ದಾರೆ. ಎಲ್ಲವೂ ಎಡಗೈಯಲ್ಲೇ. ಬಲಗೈ ಮಗ್ಗದ ಹ್ಯಾಂಡಲ್ ಬಿಡಬಾರದೆಂಬುದು ಆ ಶೆಡ್ಡಿನ ಕಟ್ಟಳೆ.

ಗುರುಪಾದಪ್ಪ ನನಗೆ ಕಲಿಸಿದ ಮೊದಲ ಸನ್ನೆ ಬೇರೆ. ಎಡಗೈಯನ್ನು ನೆಟ್ಟಗೆ ತಲೆಯ ಮೇಲೆತ್ತಿ, ಅಂಗೈ ತೆರೆದು, ಅಲುಗಾಡಿಸದೆ ಹಿಡಿಯುವುದು. ನಿಂತಲ್ಲೇ ನಿಲ್ಲು ಎಂದರ್ಥ.

"ಇದನ್ನ ಕಂಡಕೂಡ್ಲೆ ನಿಲ್ಲಬೇಕ ನೋಡು ವಕೀಲಸಾಹೇಬ. ಯಾಕ ಅಂತ ಕೇಳೂಹಂಗಿಲ್ಲ, ತಿರುಗಿ ನೋಡೂಹಂಗಿಲ್ಲ. ಎತ್ತಿದ ಕಾಲ ಎತ್ತಿದಲ್ಲೇ. ಮಗ್ಗದಿಂದ ಲಾಳಿ ಹಾರಿ ಬಂದ್ರ ಅದು ನಿನ್ನ ಬಿ.ಎ. ಸರ್ಟಿಫಿಕೇಟ ನೋಡೂದಿಲ್ಲ."

ಮನೆಯಲ್ಲೂ ಅಭ್ಯಾಸ ಮಾಡಿಸಿದ. ನಾನು ನೀರಿನ ತಂಬಿಗೆ ಹಿಡಿದು ಹೊರಟರೆ ಎಡಗೈ ಎತ್ತುತ್ತಿದ್ದ, ನಾನು ಕಂಬವಾಗುತ್ತಿದ್ದೆ. ಊಟಕ್ಕೆ ಕುಳಿತಾಗ ಅತ್ತಿ ಮತ್ತೆ ರೊಟ್ಟಿ ಹಾಕಲು ಬಂದರೆ ಅವಳಿಗೂ ಎಡಗೈ ಎತ್ತುತ್ತಿದ್ದ. ಅವಳು ಹಾಕಿಯೇಬಿಡುತ್ತಿದ್ದಳು. "ನಾ ಏನ ಮಗ್ಗ ಅಲ್ಲ, ನಿಮ್ಮ ಕೈ ಕಂಡ ನಿಲ್ಲಾಕ!"

ಆಷಾಢ ಮುಗಿಯುವ ಹೊತ್ತಿಗೆ ಒಕ್ಕೂಟದ ಅಧ್ಯಕ್ಷರ ಚುನಾವಣೆ ಬಂತು. ಅಧ್ಯಕ್ಷರನ್ನು ನೇಕಾರರೆಲ್ಲ ಸೇರಿ ಆರಿಸುವಂತಿರಲಿಲ್ಲ. ಒಂದೊಂದು ಸೊಸೈಟಿ ಒಬ್ಬೊಬ್ಬ ಪ್ರತಿನಿಧಿಯನ್ನು ಕಳಿಸಬೇಕು, ಆ ಪ್ರತಿನಿಧಿಗಳು ಕೈ ಎತ್ತಿ ಅಧ್ಯಕ್ಷರನ್ನು ಆರಿಸಬೇಕು. ನಿಂತವರು ಇಬ್ಬರು. ಒಬ್ಬರು ಬಾಪೂಸಾಹೇಬರು, ಸೈಜಿಂಗ್ ಕಾರ್ಖಾನೆಯ ಮಾಲೀಕರು. ಹಿಂದೆ ತಾವೇ ಮಗ್ಗಕ್ಕೆ ನಿಂತು ದುಡಿದವರು, ಈಗ ನಿಜವಾದ ಮೀಸೆಯನ್ನೇ ತಿರುವುವವರು. ಇನ್ನೊಬ್ಬರು ಕಲ್ಲಪ್ಪ ಮಾಸ್ತರರು, ಹುಡುಗರಿಗೆ ನೇಯ್ಗೆ ಕಲಿಸುವವರು, ಎರಡೇ ಮಗ್ಗದ ಯಜಮಾನರು.

ಗುರುಪಾದಪ್ಪನ ಸೊಸೈಟಿಯವರೆಲ್ಲ ಗಡಿಯಾಚೆಯಿಂದ ಬಂದ ಕೂಲಿಕಾರರು. ಅವರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸೇರಿ, ಬಿಲ್ವಪತ್ರಿಯ ಮೇಲೆ ಬಲಗೈ ಇಟ್ಟು, ನಮ್ಮ ಮತ ಮಾಸ್ತರರಿಗೆ ಎಂದು ಆಣೆ ಮಾಡಿ, ಗುರುಪಾದಪ್ಪನನ್ನು ಪ್ರತಿನಿಧಿಯೆಂದು ಕಳಿಸಿದರು. "ಗುರುಪಾದಣ್ಣ, ನಿನ್ನ ಕೈ ಇವತ್ತ ನಿನ್ನದಲ್ಲ, ನಮ್ಮೆಲ್ಲಾರ್ದು" ಎಂದು ಯಾರೋ ಅಂದಾಗ ಅವನು ಕೈಯನ್ನು ತಿರುಗಿಸಿ ನೋಡಿ, "ಹಂಗಾರ ಇವತ್ತ ಭಾಂಡೆನೂ ನೀವ ತಿಕ್ಕಾಕ ಬರ್ರಿ" ಎಂದ.

ಚುನಾವಣೆಗೆ ಬೇರೆ ಸಭಾಗೃಹವಿರಲಿಲ್ಲ. ಒಕ್ಕೂಟದ ಗೋದಾಮಿನಲ್ಲೇ ಜಮಖಾನೆ ಹಾಸಿದೆವು. ಪ್ರತಿನಿಧಿಗಳು ಎರಡು ಸಾಲಾಗಿ ಎದುರುಬದುರು ಕುಳಿತರು, ನಡುವೆ ಓಡಾಡಲು ದಾರಿ. ದಾರಿಯ ಒಂದು ತುದಿಗೆ ಕೊಲ್ಹಾಪುರದಿಂದ ಬಂದ ಚುನಾವಣಾಧಿಕಾರಿಯ ಮೇಜು. ಇನ್ನೊಂದು ತುದಿಗೆ, ತಗಡಿನ ಗೋಡೆಗೆ ಹಚ್ಚಿ, ಬೀಮುಗಳ ಕಬ್ಬಿಣದ ಸ್ಟ್ಯಾಂಡು. ಬೀಮ್ ಎಂದರೆ ಹಾಸಿನ ನೂಲು ಸುತ್ತಿದ ದಪ್ಪ ಉರುಳೆ. ಎರಡೂ ತುದಿಗೆ ಬಂಡಿಗಾಲಿಯಂಥ ಕಬ್ಬಿಣದ ಚಕ್ರ. ತುಂಬಿದ ಬೀಮನ್ನು ಎತ್ತಲು ನಾಲ್ಕು ಆಳು ಬೇಕು.

ಹೊರಗೆ ಎರಡೂ ಕಡೆಯ ಮಂದಿ ಮಳೆಯಲ್ಲಿ ನಿಂತು ಘೋಷಣೆ ಕೂಗುತ್ತಿದ್ದರು. ತಗಡಿನ ಮೇಲೆ ಮಳೆ, ಪಕ್ಕದ ಶೆಡ್ಡಿನಲ್ಲಿ ಮಗ್ಗ. ಅಧಿಕಾರಿ ಕೂಗಿದ್ದು ನನಗೆ ಅವರ ತುಟಿಯಿಂದ ತಿಳಿಯಬೇಕಾಯಿತು. "ಬಾಪೂಸಾಹೇಬರ ಪರವಾಗಿದ್ದವರು, ಹಾತ್ ವರ್ ಕರಾ!" ಕೈಗಳು ಮೇಲೆದ್ದವು. ಅಧಿಕಾರಿ ಮೇಜಿನ ಹಿಂದೆ ನಿಂತು ಎಣಿಸತೊಡಗಿದರು. ಅವರ ಲೆಕ್ಕಕ್ಕೆ ತಾಳೆ ನೋಡಲು ನಾನು ನಡುವಿನ ದಾರಿಯಲ್ಲಿ, ಎಡಬಲದ ಕೈಗಳನ್ನು ಎಣಿಸುತ್ತ, ಬೀಮುಗಳ ತುದಿಯ ಕಡೆ ನಡೆದೆ.

ಆಗ ಗುರುಪಾದಪ್ಪನ ಎಡಗೈ ಮೇಲೆದ್ದಿತು.

ಆಮೇಲಿನದನ್ನು ನಾನು ಎಷ್ಟು ಸಲ ಕಂಡಿದ್ದೇನೋ ನನಗೇ ಗೊತ್ತಿಲ್ಲ. ಸ್ನಾನ ಮಾಡುವಾಗ, ಕೋರ್ಟಿನ ಮೆಟ್ಟಿಲು ಹತ್ತುವಾಗ, ಮಕ್ಕಳಿಗೆ ಜೋಕಾಲಿ ತೂಗುವಾಗ ಕಣ್ಣ ಮುಂದೆ ಬರುತ್ತದೆ. ತೆರೆದ ಅಂಗೈ, ಅಲುಗಾಡದ ಬೆರಳು. ನಾನು ನಿಂತೆ. ಎತ್ತಿದ ಬಲಗಾಲು ಎತ್ತಿದಲ್ಲೇ ಇತ್ತು. ಆ ಕಾಲು ಊರಬೇಕಿದ್ದ ಜಾಗದ ಮೇಲೆ ಬೀಮ್ ಬಿತ್ತು. ಜಮಖಾನೆ ಹರಿದು, ಕೆಳಗಿನ ಕಲ್ಲುಹಾಸು ಬಿರಿದು, ಅದರ ಚೂರು ಹಾರಿ ನನ್ನ ಮೊಣಕಾಲಿಗೆ ತಾಕಿತು. ಒಳಗೆ ನೋಡುವ ಆತುರದಲ್ಲಿ ಹೊರಗಿನ ಮಂದಿ ತಗಡಿನ ಗೋಡೆಗೆ ಒತ್ತಿದ್ದರು. ಗೋಡೆ ಬಾಗಿ ಸ್ಟ್ಯಾಂಡು ಓರೆಯಾಗಿತ್ತು. ಮೇಲಿನ ಬೀಮ್ ಉರುಳಲು ತೊಡಗಿದ್ದನ್ನು ಕಂಡವನು ಎದುರು ಕುಳಿತ ಗುರುಪಾದಪ್ಪ ಒಬ್ಬನೇ. ಕೂಗಿದ್ದರೆ ನನಗೆ ಕೇಳಿಸುತ್ತಿರಲಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಗದ್ದಲ ಇಳಿಸಿ, ಬೀಮನ್ನು ಬದಿಗೆ ಸರಿಸಿ, ಅಧಿಕಾರಿ ಮಾಸ್ತರರ ಪರವಾದ ಕೈಗಳನ್ನು ಕರೆದರು. ಗುರುಪಾದಪ್ಪ ಬಲಗೈ ಎತ್ತಿದ. ಅಧಿಕಾರಿ ಅವನ ಕಡೆ ಬೆರಳು ಮಾಡಿ, "ತುಮ್ಚಾ ಹಾತ್ ಝಾಲಾ" ಎಂದರು. ನಿಮ್ಮ ಕೈ ಆಗಿದೆ, ಒಬ್ಬ ಮನುಷ್ಯನಿಗೆ ಒಂದೇ ಕೈ. ಅವರು ಕೆಟ್ಟವರಲ್ಲ. ಕೈ ಮೇಲಿದ್ದದ್ದನ್ನು ಕಂಡಿದ್ದರು, ಎಣಿಸಿದ್ದರು.  ನಾನು ಗೋಡೆಗೆ ಒರಗಿ ಬಿರಿದ ಕಲ್ಲುಹಾಸನ್ನೇ ನೋಡುತ್ತಿದ್ದೆ, ಏನು ನಡೆಯಿತೆಂಬುದು ತಲೆಗೆ ಹತ್ತುವ ಹೊತ್ತಿಗೆ ಎಣಿಕೆ ಮುಗಿದಿತ್ತು. ಬಾಪೂಸಾಹೇಬರು ಒಂದೇ ಒಂದು ಮತದಿಂದ ಅಧ್ಯಕ್ಷರಾದರು.

ಗುರುಪಾದಪ್ಪ ಕೈ ಮಾರಿಕೊಂಡ ಎಂಬ ಮಾತು ಸಂಜೆಯೊಳಗೆ ಓಣಿಯೆಲ್ಲ ಹಬ್ಬಿತು. ನಾನು ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. "ನೀ ಅವರ ಮನಿ ರೊಟ್ಟಿ ತಿಂತಿ. ಮತ್ತೇನ ಹೇಳತಿ?" ಎಂದರು.

ಶೆಡ್ಡಿನಲ್ಲಿ ಅವನನ್ನು ಯಾರೂ ಬೈಯಲಿಲ್ಲ. ಬೈದರೂ ಅಲ್ಲಿ ಕೇಳಿಸುತ್ತಿರಲಿಲ್ಲ. ಅವನ ಕಡೆ ಕೈ ಮಾಡುವುದನ್ನು ಬಿಟ್ಟರು, ಅಷ್ಟೇ. ಅವನ ಮಗ್ಗದಲ್ಲಿ ಎಳೆ ಹರಿದರೆ ಯಾರೂ ಬೆರಳು ಚಿವುಟಲಿಲ್ಲ. ಚಹಾ ಬಂದಾಗ ಎಲ್ಲರ ಹೆಬ್ಬೆರಳೂ ತುಟಿಗೆ ಹೋಗುತ್ತಿತ್ತು, ಇವನ ಕಡೆ ತಿರುಗಿದಾಗ ಕೈಗಳು ಇಳಿಯುತ್ತಿದ್ದವು. ಕೈಯೇ ಮಾತಾಗಿದ್ದ ಜಾಗದಲ್ಲಿ ಅವನು ಒಂಟಿಯಾದ. ಇನ್ನೊಂದು ಭಯ ನನ್ನನ್ನು ಕಾಡುತ್ತಿತ್ತು. ನಾಳೆ ಅವನ ಕಡೆಗೆ ಲಾಳಿ ಹಾರಿ ಬಂದರೆ ಯಾರು ಎಡಗೈ ಎತ್ತುತ್ತಾರೆ?

"ಊರಿಗೆ ಹೋಗೂಣು ನಡೀರಿ, ನಮ್ಮ ಮಂದ್ಯಾಗರ ಸಾಯೂಣು" ಎಂದಳು ನೀಲವ್ವತ್ತಿ.

"ಈಗ ಹೋದ್ರ ಹೌದಂತ ಒಪ್ಪಿಕೊಂಡಂಗ. ನಾ ಹೋಗಂಗಿಲ್ಲ" ಎಂದ ಅವನು. ಅವತ್ತು ಅವನ ಕಿವಿಗೆ ಎಲ್ಲವೂ ಕೇಳಿಸುತ್ತಿತ್ತು.

ಕಲ್ಲಪ್ಪ ಮಾಸ್ತರರು ತಕರಾರು ಅರ್ಜಿ ಹಾಕಿದರು. ಸಹಕಾರಿ ಖಾತೆಯಿಂದ ನೇಮಕವಾದ ಒಬ್ಬ ಹಿರಿಯ ಪಂಚರ ಮುಂದೆ ಕೊಲ್ಹಾಪುರದಲ್ಲಿ ವಿಚಾರಣೆ ನಡೆಯಿತು. ಪಂಚಗಂಗೆ ತುಂಬಿ ಹರಿಯುತ್ತಿತ್ತು. ಬಸ್ಸು ಸೇತುವೆಯ ಮೇಲೆ ಆಮೆಯಂತೆ ಸಾಗುವಾಗ ಗುರುಪಾದಪ್ಪ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದ. ಯಾಕೆಂದು ಕೇಳಿದೆ. "ಸುಮ್ನ ಇರಲಿ. ಎತ್ತಿದ್ರ ಕಂಡಕ್ಟರ್‌ನೂ ಎಣಿಸಿಬಿಟ್ಟಾನು" ಎಂದ.

ವಿಚಾರಣೆ ಮರಾಠಿಯಲ್ಲಿ. ಗುರುಪಾದಪ್ಪನ ಮಾತನ್ನು ತಿಳಿಸಲು ಒಬ್ಬ ದುಭಾಷಿ ಇದ್ದ. ಬಾಪೂಸಾಹೇಬರ ವಕೀಲರು ಕೇಳಿದರು, "ಕೈ ಎತ್ತಿದ್ದು ನಿಜವೋ?"

"ಖರೇನ್ರಿ."

"ಯಾರ ಸಲುವಾಗಿ?"

"ಈ ಹುಡುಗನ ಸಲುವಾಗಿ" ಎಂದು ನನ್ನತ್ತ ತೋರಿಸಿದ.

"ಈ ಹುಡುಗ ಚುನಾವಣೆಗೆ ನಿಂತಿರಲಿಲ್ಲವಲ್ಲ?"

"ನಿಂತಿರಲಿಲ್ಲರಿ. ನಡ್ಯಾಕತ್ತಿದ್ದ. ಅದಕ್ಕ ನಿಲ್ಲಿಸಿದೆ."

ಕೋಣೆಯೆಲ್ಲ ನಕ್ಕಿತು. ಅವನು ಯಾಕೆ ನಗುತ್ತಾರೆಂದು ನನ್ನ ಮುಖ ನೋಡಿದ.

ಆ ವಕೀಲರು ಜಾಣರು. ಅವರ ವಾದವನ್ನು ಈಗ ನೆನೆದರೂ ತೂಕದ್ದೆನಿಸುತ್ತದೆ. ಮತ ಎಂದರೆ ಕಂಡ ಕೈ, ಕಾಣದ ಮನಸ್ಸಲ್ಲ ಎಂದರು. ಇವತ್ತು ಇವನು ಅಪಾಯಕ್ಕೆ ಕೈ ಎತ್ತಿದೆ ಎನ್ನುತ್ತಾನೆ. ನಾಳೆ ಸೋತವರ ಕಡೆಯವರೆಲ್ಲ ಬಂದು, ನಾನು ಎತ್ತಿದ್ದು ಬೆವರು ಒರೆಸಲಿಕ್ಕೆ, ನಾನು ಎತ್ತಿದ್ದು ನೊಣ ಹೊಡೆಯಲಿಕ್ಕೆ ಎಂದರೆ ಯಾವ ಅಧ್ಯಕ್ಷ ಕುರ್ಚಿಯಲ್ಲಿ ಉಳಿದಾನು? ಮಾಸ್ತರರ ಪರವಾಗಿ ಬಂದ ದೇಸಾಯಿ ವಕೀಲರು, ಸೊಸೈಟಿ ಆಣೆ ಮಾಡಿ ಕಳಿಸಿದ ಪ್ರತಿನಿಧಿ ಅದಕ್ಕೆ ವಿರುದ್ಧವಾಗಿ ಮತ ಹಾಕಲು ಬರುತ್ತದೆಯೇ ಎಂಬ ಪ್ರಶ್ನೆ ಎತ್ತಿದರು. ಕಾನೂನಿಗೆ ಬಿಲ್ವಪತ್ರಿ ಗೊತ್ತಿಲ್ಲ, ಒಳಗೆ ಬಂದ ಮೇಲೆ ಪ್ರತಿನಿಧಿ ಸ್ವತಂತ್ರ ಎಂದರು ಪಂಚರು.

ನನ್ನ ಸರದಿ ಬಂತು. ಬಾಪೂಸಾಹೇಬರ ವಕೀಲರೇ ಕೇಳಿದರು: "ಬೀಮ್ ಉರುಳಿದ್ದನ್ನು ಕಂಡಿರೋ?"

"ಇಲ್ಲ. ಕೈಯನ್ನು ಕಂಡೆ, ನಿಂತೆ."

"ಹಾಗಾದರೆ ಮೊದಲು ಎದ್ದದ್ದು ಕೈಯೋ, ಮೊದಲು ಉರುಳಿದ್ದು ಬೀಮೋ, ನಿಮಗೆ ಗೊತ್ತಿಲ್ಲ."

"ಕೈ ತಡವಾಗಿದ್ದರೆ ನೀವು ಈ ಪ್ರಶ್ನೆಯನ್ನು ನನಗೆ ಕೇಳುತ್ತಿರಲಿಲ್ಲ" ಎಂದೆ.  ಪಂಚರು ನೀರು ತರಿಸಿದರು. ನೀರು ಕುಡಿದು, ಅವನು ಎತ್ತಿದ್ದು ಎಡಗೈ ಎಂದೂ, ಶೆಡ್ಡಿನಲ್ಲಿ ಅದರ ಅರ್ಥವೇನೆಂದೂ ಹೇಳಿದೆ.

"ಎಡಗೈ ಅನ್ನುವುದು ಈಗ ಹುಟ್ಟಿದ ಮಾತು" ಎಂದು ವಕೀಲರು ನಕ್ಕು, ಗುರುಪಾದಪ್ಪನದು ಮನಃಪೂರ್ವಕವಾಗಿ ಕೊಟ್ಟ ಮತವೆಂದು ಹೇಳಿಸಲು ಬಾಪೂಸಾಹೇಬರನ್ನೇ ಕರೆದರು. ಅವರು ತಲೆಗೆ ರೇಶಿಮೆ ಪಟಗಾ ಸುತ್ತಿಕೊಂಡು ಬಂದಿದ್ದರು. ಒಪ್ಪವಾದ ಮರಾಠಿಯಲ್ಲಿ, ತಾವು ಅಧಿಕಾರಿಯ ಮೇಜಿನ ಬಳಿ ಕುಳಿತಿದ್ದಾಗಿಯೂ, ಆ ಕೈಯನ್ನು ಕಣ್ಣಾರೆ ಕಂಡಿದ್ದಾಗಿಯೂ ಹೇಳಿದರು.

ದೇಸಾಯಿ ವಕೀಲರು ಎದ್ದು ಕನ್ನಡದಲ್ಲೇ ಕೇಳಿದರು. "ಸಾಹೇಬರ, ನಿಮಗ ಮತಾ ಕೊಟ್ಟವರು ಯಾವ ಕೈ ಎತ್ತಿದ್ರು?"

"ಬಲಗೈ."

"ಎಲ್ಲಾರೂ?"

ಬಾಪೂಸಾಹೇಬರು ಪಟಗಾ ಸರಿಮಾಡಿಕೊಂಡರು. ದೇಸಾಯಿಯವರು ಮೆಲ್ಲಗೆ, ಊರವರು ಊರವರಿಗೆ ಕೇಳುವಂತೆ ಕೇಳಿದರು: "ಅಂದ್ರ, ನಿಮ್ಮನ್ನ ಗೆಲ್ಲಿಸಿದ ಮತಾ ಎಡಗೈದು ಅಂತ ಊರಾಗ ಹೇಳಾಕತ್ತಾರಲ್ಲ, ಅದು ಬರೋಬ್ಬರಿ ಏನ್ರಿ?"

ಎಡಗೈಯಿಂದ ಪ್ರಸಾದ ತಗೊಳ್ಳುವುದಿಲ್ಲ, ಕೊಡುವುದಿಲ್ಲ. ಮೀಸೆಯ ತುದಿ ಅಲುಗಿತು. ಬಾಪೂಸಾಹೇಬರ ಮರಾಠಿ ಬಿಟ್ಟುಹೋಗಿ ಕನ್ನಡ ಹೊರಬಿತ್ತು. "ಯಾವ ಮಗಾ ಹೇಳಾಂವ? ಎಡಗೈಲೆ ನನಗ ಮತಾ ಕೊಡ್ತಾರ? ನಾ ಏನ ಭಿಕ್ಷಾಕ್ಕ ನಿಂತೇನೇನು? ಅದು ಮತಾನ ಅಲ್ಲರಿ, ಅದು ಶೆಡ್ಡಿನ ಕೈ! ನಿಲ್ಲಂತ ಎತ್ತೂ ಕೈ! ನಾನೂ ಮಗ್ಗಕ್ಕ ನಿಂತಾಂವ, ನನಗ ಗೊತ್ತಿಲ್ಲೇನು?"

ಅವರ ವಕೀಲರು ಹಣೆಗೆ ಕೈ ಹಚ್ಚಿಕೊಂಡರು. ಅದು ಬಲಗೈ ಎಂದು ನನಗೆ ಚೆನ್ನಾಗಿ ನೆನಪಿದೆ. ದುಭಾಷಿ ಅಷ್ಟನ್ನೂ ನಿಧಾನವಾಗಿ ಮರಾಠಿಗೆ ತಿರುಗಿಸಿದ.

ಪಂಚರ ತೀರ್ಪು ನನಗೆ ಕಾನೂನಿನ ಮೊದಲ ಪಾಠ. ಎತ್ತಿದ ಕೈಗೆಲ್ಲ ಮನಸ್ಸು ಹುಡುಕುತ್ತ ಹೋಗುವುದು ಸರಿಯಲ್ಲ ಎಂದರು. ಆದರೆ ಗೆದ್ದವರೇ ಇದು ಮತವಲ್ಲ ಎಂದಾಗ ಅದನ್ನು ಮತವೆಂದು ಹಿಡಿಯಲಾಗದು. ಅದನ್ನು ಲೆಕ್ಕದಿಂದ ತೆಗೆದರು. ಮಾಸ್ತರರಿಗೆ ಎತ್ತಿದ ಬಲಗೈಯನ್ನು ಅಧಿಕಾರಿ ಅಂದು ಎಣಿಸಿರಲಿಲ್ಲ. ಎಣಿಸಿದ್ದನ್ನು ತೆಗೆಯಬಹುದು, ಎಣಿಸದೆ ಬಿಟ್ಟದ್ದನ್ನು ಸೇರಿಸುವ ಅಧಿಕಾರ ನನಗಿಲ್ಲ ಎಂದರು. ಇಬ್ಬರಿಗೂ ಸಮ ಸಮ. ನಿಯಮದ ಪ್ರಕಾರ ಚೀಟಿ ಎತ್ತಬೇಕು.

ಚೀಟಿ ಎತ್ತಿದ್ದು ಅದೇ ಗೋದಾಮಿನಲ್ಲಿ. ಬೀಮುಗಳನ್ನು ಹೊರಗೆ ಸಾಗಿಸಿದ್ದರು. ಹಿತ್ತಾಳೆಯ ತಂಬಿಗೆಯಲ್ಲಿ ಎರಡು ಚೀಟಿ. ಯಾರು ಎತ್ತಬೇಕೆಂದು ಜಗಳ ಹತ್ತಿತು. ಇವರು ಹೇಳಿದವರನ್ನು ಅವರು ಒಲ್ಲರು, ಅವರು ಹೇಳಿದವರನ್ನು ಇವರು ಒಲ್ಲರು. ಕೊನೆಗೆ ಬಾಪೂಸಾಹೇಬರೇ ಎದ್ದು, "ಗುರುಪಾದ ಎತ್ತಲಿ. ಈ ಸಲ ಬಲಗೈಲೆ!" ಎಂದರು. ಮಾಸ್ತರರು ಹೂಂ ಎಂದರು.

ಗುರುಪಾದಪ್ಪ ಎಡಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಬಲಗೈಯನ್ನು ತಂಬಿಗೆಗೆ ಹಾಕಿ ಚೀಟಿ ತೆಗೆದ. ಅಧಿಕಾರಿ ಬಿಚ್ಚಿ ಓದಿದರು. ಬಾಪೂಸಾಹೇಬರ ಹೆಸರು.

 ಮೊದಲು ನಕ್ಕವರು ಸೋತ ಕಲ್ಲಪ್ಪ ಮಾಸ್ತರರೇ. "ಗುರುಪಾದಾ, ನಿನ್ನ ಎರಡೂ ಕೈ ನನಗ ಆಗಿ ಬರಲಿಲ್ಲಲೇ!" ಎಂದರು. ನಗು ಸಾಲಿನಿಂದ ಸಾಲಿಗೆ ಹರಿಯಿತು, ತಗಡಿನಾಚೆಯ ಮಂದಿಗೂ ಹರಡಿತು. ಗುಡಿಯ ಕಟ್ಟೆಯ ಮೇಲೆ ಆಣೆ ಮಾಡಿದ್ದವರೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಗುರುಪಾದಪ್ಪ ತನ್ನ ಬಲಗೈಯನ್ನು ತಪ್ಪು ಮಾಡಿದ ಮೊಮ್ಮಗನನ್ನು ನೋಡುವಂತೆ ನೋಡುತ್ತಿದ್ದ.

ಮರುದಿನ ನಾನು ಅವನ ಹಿಂದೆಯೇ ಶೆಡ್ಡಿಗೆ ಹೋದೆ. ಮಗ್ಗಗಳು ನಡೆದಿದ್ದವು. ಅವನು ಹ್ಯಾಂಡಲ್ ಮೇಲೆ ಬಲಗೈ ಇಟ್ಟು, ಯಾರ ಕಡೆಗೂ ನೋಡದೆ ನಿಂತ. ಎದುರಿನ ಮಗ್ಗದವನು ಇವನತ್ತ ತಿರುಗಿ ಎರಡು ಬೆರಳು ಚಿವುಟಿದ. ಗುರುಪಾದಪ್ಪ ಬಗ್ಗಿ ಹುಡುಕಿದ, ಎಲ್ಲಿಯೂ ಎಳೆ ಹರಿದಿರಲಿಲ್ಲ. ತಲೆ ಎತ್ತಿದಾಗ ಆ ಸಾಲಿನವರೆಲ್ಲ ಬೆರಳು ಚಿವುಟುತ್ತಿದ್ದರು, ನಗುತ್ತಿದ್ದರು. ಅವನು ಮತ್ತೆ ಹಾಸಿನ ಮೇಲೆ ಬಗ್ಗಿದ. ಹರಿಯದ ಎಳೆಯನ್ನು ಬಹಳ ಹೊತ್ತು ಹುಡುಕುತ್ತಲೇ ಇದ್ದ.

ಅವನಿಗೆ ಒಮ್ಮೆ ಕೇಳಿದ್ದೆ. ಮಾಮಾ, ಕೈ ಎತ್ತುವಾಗ ಅಧಿಕಾರಿ ಎಣಿಸುತ್ತಿದ್ದಾರೆ ಎಂಬುದು ನೆನಪಿತ್ತೇ? "ಅದನ್ನೆಲ್ಲಾ ವಿಚಾರ ಮಾಡೂ ಕೈ ಬ್ಯಾರೆ ಐತಿ" ಎಂದು ಬಲಗೈಯಿಂದ ಬೀಡಿ ಹಚ್ಚಿದ.

ಮರುವರ್ಷ ಕಾನೂನು ಕಾಲೇಜು ಸೇರಲು ಹೊರಟೆ. ನೀಲವ್ವತ್ತಿ ರೊಟ್ಟಿ ಕಟ್ಟಿಕೊಟ್ಟಳು. ಬಸ್ ಸ್ಟ್ಯಾಂಡಿಗೆ ಗುರುಪಾದಪ್ಪ ಬಂದ, ಬಲಗೈಯಲ್ಲಿ ಛತ್ರಿ. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಮಳೆಯಲ್ಲಿ ನಿಂತಿದ್ದ ಅವನು ಎಡಗೈಯನ್ನು ನೆಟ್ಟಗೆ ಮೇಲೆತ್ತಿದ್ದ. ಅಂಗೈ ತೆರೆದಿತ್ತು.

ನಾನು ಚೀರಿಕೊಂಡು ಎದ್ದೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಯಾರದೋ ಕೋಳಿಬುಟ್ಟಿ ಉರುಳಿತು. ಕಂಡಕ್ಟರ್ ಬೈಯುತ್ತಿದ್ದರೂ ಕೆಳಗೆ ಹಾರಿ, ಕೆಸರಿನಲ್ಲಿ ಓಡಿ ಅವನ ಎದುರು ನಿಂತೆ. "ಏನಾತು ಮಾಮಾ? ಏನ ಬಂತು?"

ಅವನು ಗಾಬರಿಯಾಗಿ ನನ್ನನ್ನೂ, ನಿಂತ ಬಸ್ಸನ್ನೂ, ಇನ್ನೂ ಮೇಲೇ ಇದ್ದ ತನ್ನ ಕೈಯನ್ನೂ ನೋಡಿದ. ಛತ್ರಿ ಅಲುಗುವಂತೆ ನಗತೊಡಗಿದ.

"ಏನೂ ಬಂದಿಲ್ಲೋ ಹುಚ್ಚಪ್ಪಾ. ಹೋಗಿ ಬಾ ಅಂತ ಎತ್ತಿದ್ನಿ."